ಸತ್ತವನನ್ನು ಮತ್ತೆ ಕೂಡಿಸುವ ಕೆಲಸ: ಪ್ರಾಚೀನ ಈಜಿಪ್ಟಿನ ಕಾ, ಬಾ ಮತ್ತು ಆಖ್

ಕೈರೋ ನಗರದ ದಕ್ಷಿಣಕ್ಕಿರುವ ಸಕ್ಕಾರಾದಲ್ಲಿ, ಜೋಸರ್ ದೊರೆಯ ಮೆಟ್ಟಿಲು ಪಿರಮಿಡ್ಡಿನ ಉತ್ತರ ಮಗ್ಗುಲಿಗೆ ಆತುಕೊಂಡಂತೆ ಒಂದು ಸಣ್ಣ ಕಲ್ಲಿನ ಕೋಣೆ ಇದೆ. ಅದಕ್ಕೆ ಬಾಗಿಲಿಲ್ಲ. ಮುಂದಿನ ಗೋಡೆಯಲ್ಲಿ ಎರಡು ದುಂಡನೆಯ ರಂಧ್ರಗಳು ಮಾತ್ರ ಇವೆ. ಕ್ರಿ.ಪೂ. 27ನೆಯ ಶತಮಾನದಲ್ಲಿ ಈ ಕೋಣೆಯೊಳಗೆ ಸುಣ್ಣಕಲ್ಲಿನಲ್ಲಿ ಕಡೆದ ದೊರೆಯ ಪ್ರತಿಮೆಯೊಂದನ್ನು ಕುಳ್ಳಿರಿಸಿ ಸುತ್ತ ಗೋಡೆ ಕಟ್ಟಿ ಮುಚ್ಚಿಬಿಟ್ಟರು. ಆ ಎರಡು ರಂಧ್ರಗಳು ಹೊರಗಿನವರು ಇಣುಕಿ ನೋಡಲೆಂದು ಮಾಡಿದವಲ್ಲ. ಒಳಗಿರುವ ದೊರೆ ಹೊರಗೆ ನೋಡಲೆಂದು, ಹೊರಗೆ ಹಚ್ಚುವ ಧೂಪದ ಹೊಗೆ ಅವನನ್ನು ತಲುಪಲೆಂದು ಮಾಡಿದವು. ಮೂಲ ಪ್ರತಿಮೆ ಈಗ ಕೈರೋದ ವಸ್ತುಸಂಗ್ರಹಾಲಯದಲ್ಲಿದೆ, ಸಕ್ಕಾರಾದ ಕೋಣೆಯಲ್ಲಿ ಅದರ ಪ್ರತಿಕೃತಿಯನ್ನು ಇರಿಸಿದ್ದಾರೆ.

ಪಿರಮಿಡ್ಡಿನ ಅಡಿಯಲ್ಲಿ ದೊರೆಯ ದೇಹ ಇರುವಾಗ, ಪಕ್ಕದಲ್ಲಿ ಕಲ್ಲಿನ ಇನ್ನೊಬ್ಬ ದೊರೆಯನ್ನು ಕೂರಿಸುವ ಅಗತ್ಯವೇನಿತ್ತು ಎಂಬ ಪ್ರಶ್ನೆಯಿಂದ ನಾನು ಆರಂಭಿಸಬಯಸುತ್ತೇನೆ. ಮನುಷ್ಯನೆಂದರೆ ಒಂದು ದೇಹ ಮತ್ತು ಅದರೊಳಗಿನ ಒಂದು ಆತ್ಮ ಎಂದು ನಾವು ಎಣಿಸಿದರೆ ಈ ಕೋಣೆ ಅರ್ಥವಾಗುವುದಿಲ್ಲ. ಹಳೆಯ ಬಟ್ಟೆಯನ್ನು ಕಳಚಿ ಹೊಸದನ್ನು ಉಡುವಂತೆ ದೇಹಿಯು ದೇಹವನ್ನು ಬಿಡುತ್ತಾನೆಂಬ ಗೀತೆಯ ಮಾತು ನಮ್ಮ ಕಿವಿಯಲ್ಲಿ ಕೂತಿರುವುದರಿಂದ, ಪ್ರಾಚೀನ ಈಜಿಪ್ಟಿನ ಬಗ್ಗೆ ಓದುವಾಗಲೂ ನಾವು ಆ ಚೌಕಟ್ಟನ್ನೇ ಹೊತ್ತುಕೊಂಡು ಹೋಗುತ್ತೇವೆ. ಅಲ್ಲಿ ಅದನ್ನು ಕೆಳಗಿಳಿಸಬೇಕಾಗುತ್ತದೆ. ಅಲ್ಲಿ ಯಾವುದನ್ನೂ ಕಳಚಿ ಎಸೆಯುವಂತಿಲ್ಲ. ದೇಹ, ಹೃದಯ, ಹೆಸರು, ನೆರಳು, ಕಾ, ಬಾ ಎಲ್ಲವೂ ಸೇರಿ ಒಬ್ಬ ಮನುಷ್ಯ. ಸಾವು ಇವುಗಳ ನಡುವಿನ ನಂಟನ್ನು ಕಡಿದುಹಾಕುತ್ತದೆ. ಬದುಕಿರುವವರು ಅನ್ನ, ಮಾತು, ಲಿಪಿ, ಶಿಲ್ಪಗಳ ಮೂಲಕ ಆ ನಂಟನ್ನು ಮತ್ತೆ ಬೆಸೆಯಬೇಕು. ಇಡೀ ಈಜಿಪ್ಟಿನ ಶವಸಂಸ್ಕಾರವನ್ನು ಹೀಗೆ ಕೂಡಿಸುವ ಕೆಲಸವೆಂದು ನೋಡಿದಾಗ ಮಾತ್ರ ಅದರ ಬಿಡಿ ಬಿಡಿ ವಿವರಗಳು ಒಂದಕ್ಕೊಂದು ಹೊಂದುತ್ತವೆ ಎಂಬುದು ನನ್ನ ನಂಬಿಕೆ.

ಮುಂದುವರಿಯುವ ಮುನ್ನ ಒಂದು ಎಚ್ಚರಿಕೆ. ‘ಈಜಿಪ್ಟಿನವರ ಪ್ರಕಾರ ಆತ್ಮಕ್ಕೆ ಒಂಬತ್ತು ಭಾಗಗಳು’ ಎಂದು ಕ್ರಮಸಂಖ್ಯೆ ಹಾಕಿದ ಪಟ್ಟಿಗಳನ್ನು ತಾವು ನೋಡಿರಬಹುದು. ಅಂಥ ಪಟ್ಟಿಗಳು ಆಧುನಿಕರು ಅನುಕೂಲಕ್ಕಾಗಿ ಜೋಡಿಸಿಕೊಂಡವು. ಸುಮಾರು ಮೂರು ಸಾವಿರ ವರ್ಷಗಳ ಕಾಲ ಬಾಳಿದ ನಾಗರಿಕತೆಯ ಬೇರೆ ಬೇರೆ ಕಾಲದ, ಬೇರೆ ಬೇರೆ ಊರಿನ ಬರಹಗಳಿಂದ ಆಯ್ದ ಪದಗಳನ್ನು ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲಿಸಲಾಗಿದೆ. ಈಜಿಪ್ಟಿನವರು ತಾವೇ ಬರೆದುಕೊಂಡ ಪಟ್ಟಿಗಳು ಹಾಗಿಲ್ಲ. ಲಕ್ಸರ್‌ನ ಪಶ್ಚಿಮ ದಂಡೆಯಲ್ಲಿ ಮೂರನೆಯ ಥುಟ್ಮೋಸ್‌ನ ಕಾಲದ ಅಮೆನೆಮ್‌ಹಾತ್ ಎಂಬ ಅಧಿಕಾರಿಯ ಗೋರಿ ಇದೆ. ಅಲ್ಲಿನ ಬರಹ ಆತನಿಗೆ ಸೇರಿದ್ದನ್ನೆಲ್ಲ ಹೆಸರಿಸುವಾಗ ಕಾ, ಬಾ, ಆಖ್, ಶವ, ನೆರಳು ಇವುಗಳ ಜೊತೆಗೆ ಗೋರಿಯಲ್ಲಿ ನಿಲ್ಲಿಸಿದ ಶಾಸನಕಲ್ಲನ್ನೂ ಸೇರಿಸುತ್ತದೆ. ಅವನ ವಿಧಿ, ಆಯಸ್ಸು, ಅವನ ಹುಟ್ಟನ್ನು ಕಾಯ್ದ ದೇವತೆ, ಅವನನ್ನು ಪೊರೆದ ದೇವತೆ, ಅವನನ್ನು ರೂಪಿಸಿದ ದೇವರು ಇವರೆಲ್ಲರನ್ನೂ ಸೇರಿಸುತ್ತದೆ. ಕೆತ್ತಿದ ಕಲ್ಲೊಂದು ಮನುಷ್ಯನ ಭಾಗವಾಗಬಹುದು ಎಂದು ಎಣಿಸಿದ ಜನರನ್ನು ಒಂಬತ್ತರ ಲೆಕ್ಕದಲ್ಲಿ ಹಿಡಿದಿಡಲಾಗದು.

ಈಗ ಕಾ ಎಂಬುದಕ್ಕೆ ಬರುತ್ತೇನೆ. ಚಿತ್ರಲಿಪಿಯಲ್ಲಿ ಇದರ ಗುರುತು ಮೇಲಕ್ಕೆತ್ತಿದ ಎರಡು ತೋಳುಗಳು. ದೇರ್ ಎಲ್-ಬಹ್ರಿಯಲ್ಲಿರುವ ರಾಣಿ ಹತ್ಶೆಪ್ಸುತ್‌ಳ ದೇವಾಲಯದಲ್ಲಿ ಅವಳ ಜನನದ ದೃಶ್ಯಗಳನ್ನು ಕೆತ್ತಿದ್ದಾರೆ. ಅಲ್ಲಿ ಟಗರಿನ ತಲೆಯ ಖ್ನುಮ್ ದೇವರು ಕುಂಬಾರನ ತಿಗರಿಯ ಮುಂದೆ ಕುಳಿತು ಒಂದೇ ರೂಪದ ಎರಡು ಮಕ್ಕಳನ್ನು ಮಾಡುತ್ತಿದ್ದಾನೆ: ಒಂದು ಮಗು, ಇನ್ನೊಂದು ಅದರ ಕಾ. ಹುಟ್ಟಿನಿಂದಲೇ ಜೊತೆಗಿರುವ, ಉಣ್ಣುವ, ಉಣ್ಣದಿದ್ದರೆ ಬಳಲುವ ಜೀವಶಕ್ತಿ ಇದು. ಸತ್ತವನಿಗೆ ಇಡುವ ಎಡೆಯೆಲ್ಲ ಈ ‘ಕಾ’ ಶಕ್ತಿಗೆ ಸಲ್ಲುತ್ತದೆ. ಅದಕ್ಕೆ ಬಂದು ನೆಲೆಸಲು ಒಂದು ಆಕಾರ ಬೇಕಾಗಿದ್ದರಿಂದಲೇ ಜೋಸರ್‌ನ ಪ್ರತಿಮೆ ಆ ಮುಚ್ಚಿದ ಕೋಣೆಯಲ್ಲಿ ಕುಳಿತದ್ದು. ‘ಕಾ’ ಶಕ್ತಿಯ ರೂಪವನ್ನು ನೇರವಾಗಿ ನೋಡಬೇಕೆಂದರೆ 1894ರಲ್ಲಿ ಫ್ರೆಂಚ್ ಪುರಾತತ್ವಜ್ಞ ಜಾಕ್ ದ ಮೊರ್ಗಾನ್ ದಹ್ಶೂರ್‌ನಲ್ಲಿ ಅಗೆದು ತೆಗೆದ ಹೋರ್ ದೊರೆಯ ಮರದ ಪ್ರತಿಮೆಯನ್ನು ನೋಡಬೇಕು. ಸುಮಾರು ಆಳೆತ್ತರದ ಆ ವಿಗ್ರಹದ ನೆತ್ತಿಯ ಮೇಲೆ ಎರಡು ತೋಳುಗಳು ಎದ್ದು ನಿಂತಿವೆ; ಕೂರಿಸಿದ ಕಣ್ಣುಗಳು ಇಂದಿಗೂ ಹೊಳೆಯುತ್ತವೆ.

ದೇವಾಲಯದ ಶಿಲ್ಪಕ್ಕಿಂತಲೂ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಈ ಕಾವನ್ನು ಪೊರೆಯಲು ಜನ ಮಾಡಿಕೊಂಡ ಲೋಕವ್ಯವಹಾರ. ಮಧ್ಯ ಈಜಿಪ್ಟಿನ ಅಸ್ಯೂತ್‌ನಲ್ಲಿ, ಮೊದಲನೆಯ ಸೆನುಸ್ರೆತ್ ದೊರೆ ಆಳುತ್ತಿದ್ದಾಗ ಪ್ರಾಂತಾಧಿಕಾರಿಯಾಗಿದ್ದ ಹಾಪಿಜೆಫಾ ಎಂಬಾತ ತನ್ನ ಗೋರಿಯ ಗೋಡೆಯ ಮೇಲೆ 10 ಒಪ್ಪಂದಗಳನ್ನು ಕೊರೆಸಿದ್ದಾನೆ. ಯಾವ ಹಬ್ಬದ ದಿನ, ಯಾವ ದೇವಾಲಯದ ಅರ್ಚಕರು ತನ್ನ ಪ್ರತಿಮೆಗೆ ರೊಟ್ಟಿ ಮತ್ತು ಬಿಯರ್ ಕೊಡಬೇಕು, ಯಾವ ರಾತ್ರಿ ದೀಪದ ಬತ್ತಿ ಹಚ್ಚಬೇಕು, ಅದಕ್ಕೆ ಪ್ರತಿಯಾಗಿ ತಾನು ಅವರಿಗೆ ಏನು ಕೊಡುತ್ತೇನೆ ಎಂಬುದೆಲ್ಲ ಅಲ್ಲಿದೆ. ಇವನು ಸ್ವತಃ ಅರ್ಚಕ ವರ್ಗಕ್ಕೆ ಸೇರಿದವನಾದ್ದರಿಂದ ದೇವಾಲಯದ ಆದಾಯದಲ್ಲಿ ತನ್ನ ಪಾಲಿಗೆ ಬರುವ ಕೆಲವು ‘ದೇವಾಲಯದ ದಿನ’ಗಳನ್ನು ಬಿಟ್ಟುಕೊಡುತ್ತಾನೆ, ಮತ್ತು ಒಂದು ದಿನವೆಂದರೆ ವರ್ಷದ 360ನೆಯ ಒಂದು ಭಾಗವೆಂದು ವಿವರಿಸುತ್ತಾನೆ. ತಾನು ಕೊಡುತ್ತಿರುವುದು ತಂದೆಯ ಮನೆಯಿಂದ ಬಂದ ಸ್ವಂತ ಆಸ್ತಿಯೇ ಅಥವಾ ಅಧಿಕಾರದ ಸ್ಥಾನಕ್ಕೆ ಸೇರಿದ ಆಸ್ತಿಯೇ ಎಂಬುದನ್ನೂ ಬೇರ್ಪಡಿಸಿ ಹೇಳುತ್ತಾನೆ, ಏಕೆಂದರೆ ಎರಡನೆಯದನ್ನು ಮುಂದಿನ ಅಧಿಕಾರಿ ಬಂದು ರದ್ದುಪಡಿಸಬಹುದು. ಸತ್ತ ಮೇಲೂ ತನ್ನ ಒಂದು ಭಾಗಕ್ಕೆ ಹಸಿವಾಗುತ್ತದೆ ಎಂದು ನಂಬಿದವನು ಆ ಹಸಿವನ್ನು ದೇವರ ದಯೆಗೆ ಬಿಡದೆ ಕರಾರಿನ ಭಾಷೆಯಲ್ಲಿ ಭದ್ರಪಡಿಸಿಕೊಂಡದ್ದನ್ನು ನಾವು ವ್ಯಾಪಾರಬುದ್ಧಿ ಎಂದು ಕಡೆಗಣಿಸಬಾರದು. ಗಾಢವಾದ ನಂಬಿಕೆ ಇಲ್ಲದವನು ಇಷ್ಟು ಎಚ್ಚರವಾಗಿ ಲೆಕ್ಕ ಬರೆಯುವುದಿಲ್ಲ.

ಇಂಥ ಸೇವೆಗೆಂದೇ ನೇಮಕವಾದ ಕಾ-ಸೇವಕರು ಇರುತ್ತಿದ್ದರು. ಥೀಬ್ಸ್‌ನಲ್ಲಿ (ಇಂದಿನ ಲಕ್ಸರ್) ಇಪಿ ಎಂಬ ಮಂತ್ರಿಯ ಕಾ-ಸೇವಕನಾಗಿದ್ದ ಹೆಕಾನಖ್ತ್‌ನ ಪತ್ರಗಳು ಉಳಿದು ಬಂದಿವೆ. ಆ ಪತ್ರಗಳಲ್ಲಿ ಪರಲೋಕದ ಮಾತಿಗಿಂತ ಹೊಲದ ಗೇಣಿ, ಬಾರ್ಲಿಯ ಅಳತೆ, ಬರಗಾಲದಲ್ಲಿ ಮನೆಯ ಒಬ್ಬೊಬ್ಬರಿಗೆ ಎಷ್ಟು ಧಾನ್ಯ ಎಂಬ ಮಾತೇ ಹೆಚ್ಚು. ಇದು ಸ್ವಲ್ಪ ಬದಿಗೆ ಸರಿದ ಮಾತೇ ಆದರೂ ಹೇಳುತ್ತಿದ್ದೇನೆ: ಸತ್ತ ದೊಡ್ಡವರ ಕಾವನ್ನು ನೋಡಿಕೊಳ್ಳುವುದು ಬದುಕಿರುವ ಸಾಮಾನ್ಯ ಕುಟುಂಬಗಳ ಜೀವನೋಪಾಯವೂ ಆಗಿತ್ತು.

ಆದರೆ ಕರಾರುಗಳು ಮುರಿಯುತ್ತವೆ, ವಂಶಗಳು ಅಳಿಯುತ್ತವೆ, ಎಡೆಯಿಡುವ ಕಲ್ಲು ಒಣಗುತ್ತದೆ. ಇದು ಈಜಿಪ್ಟಿನವರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಗೋರಿಯ ಗೋಡೆಯಲ್ಲಿ ಅವರು ದಾರಿಹೋಕರಿಗೆ ಒಂದು ಮನವಿಯನ್ನು ಬರೆಸುತ್ತಿದ್ದರು. ಬದುಕನ್ನು ಪ್ರೀತಿಸುವವರೇ, ಸಾವನ್ನು ದ್ವೇಷಿಸುವವರೇ, ಈ ಗೋರಿಯ ಮುಂದೆ ಹಾದುಹೋಗುವವರೇ, ‘ಇಂಥವನ ಕಾ ಶಕ್ತಿಗೆ ಸಾವಿರ ರೊಟ್ಟಿ, ಸಾವಿರ ಬಿಯರ್, ಸಾವಿರ ಎತ್ತು, ಸಾವಿರ ಹಕ್ಕಿ’ ಎಂದು ಹೇಳಿ. ಅದರಿಂದ ನಿಮಗೇನೂ ನಷ್ಟವಿಲ್ಲ, ಅದು ಬಾಯಿಯ ಉಸಿರು ಮಾತ್ರ ಎಂಬುದು ಅದರ ಸಾರಾಂಶ. ಎಡೆ ನಿಂತರೂ ಮಾತು ಉಳಿದರೆ ಕಾ ಉಣ್ಣುತ್ತದೆ. ಇಂದು ಯಾವುದೋ ವಸ್ತುಸಂಗ್ರಹಾಲಯದಲ್ಲಿ ಆ ಸಾಲನ್ನು ಗಟ್ಟಿಯಾಗಿ ಓದುವ ವಿದ್ಯಾರ್ಥಿಯೂ, ತಿಳಿದೋ ತಿಳಿಯದೆಯೋ, ಆ ಕೋರಿಕೆಯನ್ನು ನಡೆಸಿಕೊಟ್ಟಂತಾಗುತ್ತದೆ.

ಕಾ ಗೋರಿಯ ಸುತ್ತಲೇ ಉಳಿದರೆ, ಬಾ ಚಲಿಸುತ್ತದೆ. ಮನುಷ್ಯನ ತಲೆ, ಹಕ್ಕಿಯ ಮೈ: ಬಾವನ್ನು ‘ಹೊಸ ರಾಜ್ಯ’ವೆಂದು ಕರೆಯುವ ಕಾಲದ (ಸುಮಾರು ಕ್ರಿ.ಪೂ. 1550–1070) ಚಿತ್ರಗಳಲ್ಲಿ ಹೀಗೆ ಬರೆಯುತ್ತಾರೆ. ಹಗಲು ಅದು ಗೋರಿಯಿಂದ ಹೊರಬಂದು ಬಿಸಿಲು ಕಾಯುತ್ತದೆ, ಮರದ ನೆರಳಿನಲ್ಲಿ ಕೂರುತ್ತದೆ, ನೀರು ಕುಡಿಯುತ್ತದೆ. ರಾತ್ರಿ ತನ್ನ ದೇಹಕ್ಕೆ ಹಿಂತಿರುಗಲೇಬೇಕು. ಹಿಂತಿರುಗದಿದ್ದರೆ ಮನುಷ್ಯ ಎರಡನೆಯ ಸಲ ಸಾಯುತ್ತಾನೆ, ಆ ಸಾವಿಗೆ ಪರಿಹಾರವಿಲ್ಲ. ‘ಮೃತರ ಪುಸ್ತಕ’ವೆಂದು ನಾವು ಕರೆಯುವ ಮಂತ್ರಸಂಗ್ರಹದ 89ನೆಯ ಅಧ್ಯಾಯ ಇದಕ್ಕೆಂದೇ ಇರುವುದು. ಚಿನ್ನದಲ್ಲಿ ಮಾಡಿ ರತ್ನ ಕೂರಿಸಿದ ಬಾ-ಹಕ್ಕಿಯೊಂದರ ಮೇಲೆ ಆ ಮಂತ್ರವನ್ನು ಹೇಳಿ ಅದನ್ನು ಮಮ್ಮಿಯ ಎದೆಯ ಮೇಲೆ ಇಡಬೇಕೆಂದು ಅಲ್ಲಿ ವಿಧಿಸಲಾಗಿದೆ. 1888ರಲ್ಲಿ ಬ್ರಿಟಿಷ್ ಮ್ಯೂಸಿಯಂ ಪಾಲಾದ ಲಿಪಿಕಾರ ಅನಿಯ ಪಪೈರಸ್‌ನಲ್ಲಿ ಈ ಅಧ್ಯಾಯದ ಚಿತ್ರವಿದೆ: ಮಂಚದ ಮೇಲೆ ಮಲಗಿರುವ ಮಮ್ಮಿ, ಅದರ ಮೇಲೆ ರೆಕ್ಕೆ ಬಿಚ್ಚಿ ನಿಂತ ಬಾ.

ದೇಹವನ್ನು ಕೆಡದಂತೆ ಉಳಿಸುವ ಕೆಲಸಕ್ಕೆ ಅಷ್ಟೊಂದು ಶ್ರಮಪಟ್ಟದ್ದು ಏಕೆಂಬುದು ಇಲ್ಲಿ ತಿಳಿಯುತ್ತದೆ. ನೇಟ್ರಾನ್ ಎಂಬ ಲವಣದಲ್ಲಿ ಹೂತು ಒಣಗಿಸುವುದರಿಂದ ಹಿಡಿದು ನಾರುಬಟ್ಟೆ ಸುತ್ತಿ ಮುಗಿಸುವವರೆಗೆ ಒಟ್ಟು 70 ದಿನಗಳ ಅವಧಿಯನ್ನು ಗೊತ್ತುಪಡಿಸಿದ್ದರು. ಹೊರಗೆ ಹೋದ ಬಾ ತನ್ನ ದೇಹವನ್ನು ಗುರುತಿಸಬೇಕಲ್ಲ! ಬಳಿಕ ‘ಬಾಯಿ ತೆರೆಯುವ’ ವಿಧಿ. ಬಡಗಿಯ ಬಾಚಿಯನ್ನು ಹೋಲುವ ಉಪಕರಣವನ್ನು ಮಮ್ಮಿಯ ಅಥವಾ ಪ್ರತಿಮೆಯ ಬಾಯಿಗೆ ಮುಟ್ಟಿಸಿದರೆ ಅದು ಉಸಿರಾಡಲು, ಉಣ್ಣಲು, ಮಾತಾಡಲು ಶಕ್ತವಾಗುತ್ತದೆ. ಟುಟನ್‌ಖಾಮನ್‌ನ ಗೋರಿಯ ಗೋಡೆಯಲ್ಲಿ ಅವನ ಉತ್ತರಾಧಿಕಾರಿ ಆಯ್, ಚಿರತೆಯ ತೊಗಲು ಹೊದ್ದು ಈ ವಿಧಿಯನ್ನು ನಡೆಸುತ್ತಿರುವುದನ್ನು ತಾವು ಚಿತ್ರಗಳಲ್ಲಿ ಕಂಡಿರಬಹುದು.

ಬಾ ಎಂಬುದು ಮನುಷ್ಯನ ಒಂದು ತುಂಡೇ ಅಥವಾ ಇನ್ನೊಂದು ಸ್ಥಿತಿಯಲ್ಲಿರುವ ಇಡೀ ಮನುಷ್ಯನೇ ಎಂಬುದು ವಿದ್ವಾಂಸರನ್ನು ಬಹಳ ಕಾಡಿದ ಪ್ರಶ್ನೆ. 1968ರಲ್ಲಿ ಲೂಯಿ ಜಾಬ್ಕರ್ ತಮ್ಮ ಅಧ್ಯಯನದಲ್ಲಿ ಎರಡನೆಯ ನಿಲುವನ್ನು ಬಲವಾಗಿ ಮಂಡಿಸಿದರು. ನನಗೂ ಅದೇ ಸರಿಯೆನಿಸುತ್ತದೆ, ಏಕೆಂದರೆ ಬಾ ಉಣ್ಣುತ್ತದೆ, ಕುಡಿಯುತ್ತದೆ, ಮಾತಾಡುತ್ತದೆ, ಕೊನೆಗೆ ತನ್ನ ಯಜಮಾನನೊಡನೆ ವಾದವನ್ನೂ ಮಾಡುತ್ತದೆ. ಆ ವಾದ ಬರ್ಲಿನ್‌ನಲ್ಲಿರುವ 3024ನೆಯ ಸಂಖ್ಯೆಯ ಪಪೈರಸ್‌ನಲ್ಲಿ ಉಳಿದಿದೆ. ಹನ್ನೆರಡನೆಯ ರಾಜವಂಶದ ಕಾಲದ ಪ್ರತಿ ಅದು. ಬದುಕಿನಿಂದ ಬೇಸತ್ತ ಒಬ್ಬ ಮನುಷ್ಯ ಸಾಯಬಯಸುತ್ತಾನೆ, ಅವನ ಬಾ ಅವನನ್ನು ಬಿಟ್ಟುಹೋಗುವುದಾಗಿ ಹೆದರಿಸುತ್ತದೆ. ಮನುಷ್ಯನಿಗೆ ಗೋರಿ, ಸಂಸ್ಕಾರ, ಎಡೆಯಿಡುವ ವಾರಸುದಾರ ಇವುಗಳ ಮೇಲೆ ಭರವಸೆ. ಬಾ ಅದನ್ನು ಒಪ್ಪುವುದಿಲ್ಲ: ಗ್ರಾನೈಟ್ ಕಲ್ಲಿನಲ್ಲಿ ಚೆಲುವಾದ ಪಿರಮಿಡ್ ಕಟ್ಟಿಸಿಕೊಂಡವರ ಎಡೆಗಲ್ಲುಗಳೂ ಇಂದು ಬರಿದಾಗಿವೆ, ದಿಕ್ಕಿಲ್ಲದೆ ನದಿಯ ದಂಡೆಯಲ್ಲಿ ಸತ್ತವರಿಗೂ ಅವರಿಗೂ ಏನೂ ವ್ಯತ್ಯಾಸ ಉಳಿದಿಲ್ಲ, ಆದ್ದರಿಂದ ಒಳ್ಳೆಯ ದಿನವನ್ನು ಅನುಭವಿಸು, ಚಿಂತೆಯನ್ನು ಮರೆ ಎನ್ನುತ್ತದೆ.

ಮನುಷ್ಯ ಇದಕ್ಕೆ ಪದ್ಯಗಳಲ್ಲಿ ಉತ್ತರ ಕೊಡುತ್ತಾನೆ. ಒಂದು ಪದ್ಯಸರಣಿಯಲ್ಲಿ ಇಂದು ಯಾರೊಡನೆ ಮಾತಾಡಲಿ, ಒಡಹುಟ್ಟಿದವರೂ ಕೆಟ್ಟವರಾದರು ಎಂದು ಕೊರಗುತ್ತಾನೆ. ಮುಂದಿನದರಲ್ಲಿ ಸಾವು ಇಂದು ನನ್ನ ಕಣ್ಣ ಮುಂದಿದೆ ಎಂದು ಪ್ರತಿ ಪದ್ಯವನ್ನೂ ಆರಂಭಿಸುತ್ತಾನೆ: ಕಾಯಿಲೆಯವನು ಚೇತರಿಸಿಕೊಂಡಂತೆ, ಗಾಳಿ ಬೀಸುವ ದಿನ ಹಾಯಿಯ ಕೆಳಗೆ ಕುಳಿತಂತೆ, ಬಹಳ ವರ್ಷ ಸೆರೆಯಲ್ಲಿದ್ದವನು ಮನೆಯನ್ನು ಕಾಣಲು ಹಂಬಲಿಸಿದಂತೆ. ನಾಲ್ಕು ಸಾವಿರ ವರ್ಷಗಳಷ್ಟು ಹಳೆಯ ಈ ಸಾಲುಗಳನ್ನು ಓದುವಾಗ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಕೊನೆಯಲ್ಲಿ ಬಾ ಸೋಲೊಪ್ಪುವುದೂ ಇಲ್ಲ, ಅವನನ್ನು ತೊರೆಯುವುದೂ ಇಲ್ಲ. ನಿನ್ನ ದೇಹ ಮಣ್ಣು ಸೇರಿದ ಮೇಲೆ ನಾನು ಬಂದಿಳಿಯುತ್ತೇನೆ, ಇಬ್ಬರೂ ಒಂದೇ ನೆಲೆಯನ್ನು ಸೇರೋಣ ಎಂದು ಒಡಂಬಡುತ್ತದೆ. ವಾದಿಸುವವರಿಬ್ಬರೂ ಒಬ್ಬನೇ ಮನುಷ್ಯ, ಆದರೂ ಅವರ ನಡುವೆ ಒಪ್ಪಂದವಾಗಬೇಕಿತ್ತು ಎಂಬುದನ್ನು ದಯವಿಟ್ಟು ಗಮನಿಸಿ.

ಹೃದಯದ ವಿಚಾರವೂ ಹೀಗೆಯೇ. ಮಮ್ಮಿ ಮಾಡುವಾಗ ಯಕೃತ್ತು, ಶ್ವಾಸಕೋಶ, ಜಠರ, ಕರುಳುಗಳನ್ನು ತೆಗೆದು ನಾಲ್ಕು ಜಾಡಿಗಳಲ್ಲಿ ಇಡುತ್ತಿದ್ದರು. ಹೊಸ ರಾಜ್ಯದ ಕಾಲಕ್ಕೆ ಮಿದುಳನ್ನು ಮೂಗಿನ ದಾರಿಯಿಂದ ಹೊರತೆಗೆಯುವ ರೂಢಿಯೂ ಇತ್ತು. ಹೃದಯವನ್ನು ಮಾತ್ರ ಎದೆಯಲ್ಲೇ ಉಳಿಸುತ್ತಿದ್ದರು, ಏಕೆಂದರೆ ಯೋಚನೆ, ನೆನಪು, ಸಂಕಲ್ಪಗಳಿಗೆಲ್ಲ ಅದೇ ನೆಲೆ. ಸತ್ತವರ ಲೋಕವನ್ನಾಳುವ ದೇವರಾದ ಒಸಿರಿಸ್‌ನ ನ್ಯಾಯಸಭೆಯಲ್ಲಿ ಅದನ್ನು ಸತ್ಯದೇವತೆ ಮಾತ್‌ಳ ಗರಿಯೊಡನೆ ತಕ್ಕಡಿಯಲ್ಲಿ ತೂಗುತ್ತಾರೆ. ಮೊಸಳೆಯ ತಲೆ, ಸಿಂಹದ ಮುಂಭಾಗ, ನೀರಾನೆಯ ಹಿಂಭಾಗವುಳ್ಳ ಅಮ್ಮಿತ್, ತೂಕದಲ್ಲಿ ಸೋತ ಹೃದಯವನ್ನು ನುಂಗಲು ಪಕ್ಕದಲ್ಲೇ ಕಾದು ಕೂತಿರುತ್ತಾಳೆ. ಇದು ಎಲ್ಲರಿಗೂ ಪರಿಚಿತವಾದ ದೃಶ್ಯ. ಅಷ್ಟಾಗಿ ಗಮನಕ್ಕೆ ಬಾರದಿರುವುದು ‘ಮೃತರ ಪುಸ್ತಕ’ದ 30ನೆಯ ಅಧ್ಯಾಯದ ಮಂತ್ರ. ಹಸಿರು ಕಲ್ಲಿನ ಸಗಣಿಹುಳುವಿನ ಆಕಾರದ ತಾಯಿತದ ಮೇಲೆ ಅದನ್ನು ಕೊರೆದು ಎದೆಯ ಮೇಲಿಡುತ್ತಿದ್ದರು. ಅದರಲ್ಲಿ ಸತ್ತವನು ತನ್ನ ಹೃದಯವನ್ನೇ ಬೇಡಿಕೊಳ್ಳುತ್ತಾನೆ: ನನ್ನ ತಾಯಿಯಿಂದ ಬಂದ ಹೃದಯವೇ, ನನ್ನ ವಿರುದ್ಧ ಸಾಕ್ಷಿಯಾಗಿ ಎದ್ದು ನಿಲ್ಲಬೇಡ. ತನ್ನದೇ ಅಂಗ ಸತ್ಯ ಹೇಳಿಬಿಡಬಹುದೆಂಬ ಭಯ ಇದು. ಅನಿಯ ಪಪೈರಸ್‌ನಲ್ಲಿ ಈ ತಕ್ಕಡಿಯ ಬಳಿ ಅವನ ಬಾ-ಹಕ್ಕಿ ಕೂತಿದೆ. ವಿಧಿಯ ದೇವರು, ಹುಟ್ಟನ್ನು ಕಾಯುವ ದೇವತೆ, ಪೊರೆಯುವ ದೇವತೆ ಎಲ್ಲರೂ ನಿಂತಿದ್ದಾರೆ. ಅಮೆನೆಮ್‌ಹಾತ್‌ನ ಗೋರಿಯ ಪಟ್ಟಿಯಲ್ಲಿ ಅಕ್ಷರಗಳಾಗಿ ಕಂಡವರೇ ಇಲ್ಲಿ ಚಿತ್ರಗಳಾಗಿ ಸೇರಿದ್ದಾರೆ.

ನೆರಳಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೇರ್ ಎಲ್-ಮದೀನಾದ ಇರಿನೆಫೆರ್ ಎಂಬ ಕುಶಲಕರ್ಮಿಯ ಗೋರಿಯಲ್ಲಿ ಬಾಗಿಲ ಬಳಿ ನಿಂತ ಕಪ್ಪು ಮನುಷ್ಯಾಕೃತಿಯಾಗಿ ಅದನ್ನು ಬರೆದಿದ್ದಾರೆ, ಬಳಿಯಲ್ಲೇ ಬಾ ಹಾರಾಡುತ್ತಿದೆ.

ಹೆಸರಿನ ಮಾತು ಹಾಗಲ್ಲ. ಹೆಸರನ್ನು ಉಚ್ಚರಿಸುವವರು ಇರುವವರೆಗೆ ಮನುಷ್ಯ ಇದ್ದಾನೆ, ಅದನ್ನು ಕೆತ್ತಿಹಾಕಿದರೆ ಇಲ್ಲ ಎಂಬುದನ್ನು ಅವರು ರಾಜಕೀಯದಲ್ಲಿಯೂ ನಡೆಸಿದರು. ಹತ್ಶೆಪ್ಸುತ್‌ಳ ಹೆಸರನ್ನು ಮೂರನೆಯ ಥುಟ್ಮೋಸ್‌ನ ಆಳ್ವಿಕೆಯ ಕೊನೆಯ ಭಾಗದಲ್ಲಿ ಗೋಡೆಗಳಿಂದ ಉಳಿಯಿಂದ ಹೊಡೆದು ತೆಗೆದರು. ಅಖೆನಾತೆನ್ ದೊರೆಯ ಜನ ಅಮುನ್ ದೇವರ ಹೆಸರನ್ನೇ ಅಳಿಸುತ್ತ ಹೋದರು. ಮೂರನೆಯ ರಾಮ್ಸೆಸ್‌ನನ್ನು ಕೊಲ್ಲಲು ಅಂತಃಪುರದಲ್ಲಿ ನಡೆದ ಸಂಚಿನ ವಿಚಾರಣೆಯ ದಾಖಲೆ ಟ್ಯೂರಿನ್‌ನಲ್ಲಿದೆ. ಅದರಲ್ಲಿ ಒಬ್ಬ ಅಪರಾಧಿಯ ಹೆಸರು ಮೆಸೆದ್‌ಸುರಾ, ಅಂದರೆ ‘ಸೂರ್ಯದೇವ ರಾ ಇವನನ್ನು ದ್ವೇಷಿಸುತ್ತಾನೆ’. ಯಾವ ತಾಯಿತಂದೆಯೂ ಮಗುವಿಗೆ ಇಡದ ಹೆಸರು. ನ್ಯಾಯಸಭೆ ಅವನ ನಿಜವಾದ ಹೆಸರನ್ನು ತಿರುಚಿ ಬರೆಸಿತೆಂದು ವಿದ್ವಾಂಸರು ಒಪ್ಪುತ್ತಾರೆ. ದೇಹಕ್ಕೆ ಕೊಟ್ಟ ಶಿಕ್ಷೆ ಸಾಲದೆಂದು ಹೆಸರಿಗೂ ಕೊಟ್ಟರು.

ಹೀಗೆ ಚದುರಿದ್ದೆಲ್ಲ ಕೂಡಿದಾಗ ಸತ್ತವನು ಆಖ್ ಆಗುತ್ತಾನೆ. ಆಖ್ ಯಾರೂ ಹುಟ್ಟುತ್ತಲೇ ಪಡೆದು ಬರುವಂಥದ್ದಲ್ಲ, ಸಾಧಿಸಬೇಕಾದ ಸ್ಥಿತಿ. ತಲೆಯ ಹಿಂದೆ ಜುಟ್ಟಿರುವ, ಹೊಳೆಯುವ ಗರಿಗಳ ಐಬಿಸ್ ಹಕ್ಕಿ ಅದರ ಗುರುತು; ಬೆಳಕು ಮತ್ತು ಸಾಮರ್ಥ್ಯ ಎರಡೂ ಅದರಲ್ಲಿ ಸೇರಿವೆ. ಆಖ್ ಆಕಾಶಕ್ಕೆ, ದೇಹ ಭೂಮಿಗೆ ಎಂದು ಪಿರಮಿಡ್ಡುಗಳ ಒಳಗೋಡೆಗಳಲ್ಲಿ ಕೆತ್ತಿದ ಮಂತ್ರಗಳಾದ ಪಿರಮಿಡ್ ಪಠ್ಯಗಳು ಬಹಳ ಹಿಂದೆಯೇ ಹೇಳಿದ್ದವು. ಈ ಕೂಡುವಿಕೆಗೆ ಮಾದರಿ ದೇವಲೋಕದಲ್ಲೇ ಇತ್ತು. ನಡುರಾತ್ರಿ ಸೂರ್ಯನು ಪಾತಾಳದಲ್ಲಿ ಒಸಿರಿಸ್‌ನ ದೇಹವನ್ನು ಸೇರಿ, ಹೊಸ ಬಲ ಪಡೆದು, ಬೆಳಗ್ಗೆ ಮೂಡುತ್ತಾನೆ. ರಾಣಿ ನೆಫೆರ್ತಾರಿಯ ಗೋರಿಯಲ್ಲಿ ಟಗರಿನ ತಲೆಯ ಮಮ್ಮಿಯೊಂದನ್ನು ಐಸಿಸ್, ನೆಫ್ತಿಸ್ ದೇವಿಯರು ಎರಡೂ ಕಡೆಯಿಂದ ಹಿಡಿದು ನಿಂತಿದ್ದಾರೆ. ಒಸಿರಿಸ್‌ನಲ್ಲಿ ರಾ ವಿಶ್ರಮಿಸುತ್ತಾನೆ, ರಾನಲ್ಲಿ ಒಸಿರಿಸ್ ವಿಶ್ರಮಿಸುತ್ತಾನೆ ಎಂಬ ಬರಹ ಅದರ ಪಕ್ಕದಲ್ಲಿದೆ. ಸೂರ್ಯನೇ ಪ್ರತಿ ರಾತ್ರಿ ತನ್ನ ದೇಹವನ್ನು ಹುಡುಕಿ ಸೇರಬೇಕಾದರೆ ಮನುಷ್ಯನ ಬಾ ಸೇರದಿರುವುದೆಂತು?

ಆಖ್ ಆದವನು ಮನೆಯವರಿಂದ ದೂರವಾಗುವುದಿಲ್ಲ. ಅವನಿಗೆ ಪತ್ರ ಬರೆಯಬಹುದು, ಮತ್ತು ಜನ ನಿಜವಾಗಿಯೂ ಬರೆದರು. ಕಾವ್ ಎಂಬಲ್ಲಿ ಸಿಕ್ಕಿ ಈಗ ಲಂಡನ್ನಿನ ಪೆಟ್ರಿ ವಸ್ತುಸಂಗ್ರಹಾಲಯದಲ್ಲಿರುವ ಒಂದು ಮಣ್ಣಿನ ಬಟ್ಟಲು ಅಂಥದ್ದು. ಶೆಪ್ಸಿ ಎಂಬ ಮಗ ಅದರ ಒಳಗೆ ಸತ್ತ ತಂದೆಗೆ, ಹೊರಗೆ ಸತ್ತ ತಾಯಿಗೆ ಪತ್ರ ಬರೆದಿದ್ದಾನೆ. ವಿಷಯ ಆಸ್ತಿಯ ತಕರಾರು. ತಾಯಿಗೆ ಅವನು ನೆನಪಿಸುವುದು ಇದನ್ನು: ನನಗೆ ಲಾವಕ್ಕಿ ತಂದುಕೊಡು, ತಿನ್ನಬೇಕು ಎಂದು ನೀನು ಮಗನಿಗೆ ಹೇಳಿದೆ, ನಿನ್ನ ಮಗ ಏಳು ಲಾವಕ್ಕಿ ತಂದುಕೊಟ್ಟ, ನೀನು ತಿಂದೆ, ಈಗ ನಿನ್ನ ಕಣ್ಣೆದುರೇ ನನಗೆ ಅನ್ಯಾಯವಾಗಬೇಕೆ? ಬಟ್ಟಲಿನಲ್ಲಿ ಎಡೆಯಿಟ್ಟರೆ, ಅದನ್ನು ತೆಗೆದುಕೊಳ್ಳುವ ತಾಯಿ ತಂದೆಯರ ಕಣ್ಣಿಗೆ ಪತ್ರವೂ ಬೀಳುತ್ತದೆ ಎಂಬುದು ಏರ್ಪಾಡು.

ಲೈಡನ್‌ನಲ್ಲಿರುವ ಇನ್ನೊಂದು ಪತ್ರವನ್ನು ಗಂಡನೊಬ್ಬ ಅಂಖಿರಿ ಎಂಬ ತನ್ನ ಸತ್ತ ಹೆಂಡತಿಯ ಆಖ್‌ಗೆ ಬರೆದಿದ್ದಾನೆ. ತನಗೆ ಬಂದ ಕಷ್ಟಗಳಿಗೆ ಅವಳೇ ಕಾರಣವೆಂದು ಅವನ ದೂರು. ನಿನಗೆ ನಾನೇನು ಕೇಡು ಮಾಡಿದೆ ಎಂದು ಕೇಳುತ್ತಾನೆ. ಚಿಕ್ಕ ವಯಸ್ಸಿನಲ್ಲಿ ಮದುವೆಯಾದದ್ದು, ದೊಡ್ಡ ಹುದ್ದೆಗೇರಿದರೂ ಅವಳನ್ನು ಬಿಡದೆ ಇದ್ದದ್ದು, ಕಾಯಿಲೆ ಬಿದ್ದಾಗ ವೈದ್ಯರನ್ನು ಕರೆಸಿದ್ದು, ಸತ್ತಾಗ ಬೀದಿಯ ಜನರೊಡನೆ ಅತ್ತದ್ದು, ಸುತ್ತಲು ಒಳ್ಳೆಯ ನಾರುಬಟ್ಟೆ ಕೊಟ್ಟದ್ದು, ಮೂರು ವರ್ಷ ಇನ್ನೊಂದು ಮದುವೆಯಿಲ್ಲದೆ ಒಂಟಿಯಾಗಿ ಕಳೆದದ್ದು ಎಲ್ಲವನ್ನೂ ಬರೆಯುತ್ತಾನೆ. ಪಶ್ಚಿಮದ, ಅಂದರೆ ಸತ್ತವರ ಲೋಕದ, ದೇವತೆಗಳ ಮುಂದೆ ನಿನ್ನ ಮೇಲೆ ವ್ಯಾಜ್ಯ ಹೂಡುತ್ತೇನೆ, ಈ ಪತ್ರವನ್ನು ನೋಡಿ ಅವರೇ ತೀರ್ಪು ಕೊಡಲಿ ಎನ್ನುತ್ತಾನೆ. ವ್ಯಾಜ್ಯ ಹೂಡಬೇಕಾದರೆ ಪ್ರತಿವಾದಿಗೆ ಹೆಸರು ಬೇಕು, ಉತ್ತರ ಕೊಡುವ ಬಾಯಿ ಬೇಕು, ಸರಿತಪ್ಪು ತಿಳಿಯುವ ಹೃದಯ ಬೇಕು. ಅಂಖಿರಿಗೆ ಇವೆಲ್ಲ ಇವೆ, ಕೊಟ್ಟ ಅನ್ನ ಬಟ್ಟೆಗಳ ಋಣವೂ ಅವಳ ಮೇಲಿದೆ ಎಂದು ಆ ಗಂಡ ನಂಬಿದ್ದ. ಪತ್ರವನ್ನು ಒಂದು ಸಣ್ಣ ಸ್ತ್ರೀಪ್ರತಿಮೆಗೆ ಕಟ್ಟಿ ಅವಳಿಗೆ ತಲುಪುವಂತೆ ಮಾಡಿದ.